ಸದ್ದಿಲ್ಲದೆ ಕುಡಿಯುವ ಬಾವಿ

ಹೊಂಡದ ಅಂಗಳ, ಪಂಪ್‌ಶೆಡ್ಡಿನ ನೆರಳು
ಬುಧವಾರ, ಹನ್ನೊಂದನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಗುಂಡುಸೂಜಿಗೆ ಚಿಕ್ಕಪ್ಪನ ತುಂಬು ಹರಕೆ.

ಹೇಗಿದ್ದೀಯ ಮಗಳೇ? ಆ ಒಣಕೆಮ್ಮು ಬಿಟ್ಟಿತೇ? ಹೋದ ಸಲ ಫೋನಿನಲ್ಲಿ ನಿನ್ನ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಬಿಸಿನೀರು ಕುಡಿ, ಕಿಟಕಿ ತೆರೆದು ಮಲಗಬೇಡ, ಮನೆಯೊಡತಿಯ ನಾಯಿಗೆ ಹೆದರಬೇಡ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಾನು ಖುದ್ದಾಗಿ ಪರೀಕ್ಷೆ ಮಾಡಿದ್ದೇನೆ, ಒಂದೇ ಒಂದು ಸಲ ಸುಳ್ಳಾಯಿತು, ಅದೂ ತಪ್ಪು ನನ್ನ ಪಂಚೆಯದು. ಇಲ್ಲಿ ನಾನು ಗಟ್ಟಿಮುಟ್ಟಾಗಿದ್ದೇನೆ. ಮೊಣಕಾಲು ಕಟಕಟ ಎನ್ನುತ್ತದೆ, ಆದರೆ ಈ ವಯಸ್ಸಿನಲ್ಲಿ ಬೇರೆಯವರ ಮೊಣಕಾಲು ಸದ್ದನ್ನೂ ಮಾಡುವುದಿಲ್ಲ, ಸುಮ್ಮನೆ ಮಡಚಿಕೊಂಡುಬಿಡುತ್ತದೆ. ನಿಮ್ಮಮ್ಮನ ಹೊಲಿಗೆ ಮೆಷಿನ್ನಿಗೆ ಹೊಸ ಬೆಲ್ಟು ಹಾಕಿಕೊಟ್ಟೆ. ಈಗ ಅದು ಅವರ ನಾಲಿಗೆಯಷ್ಟೇ ಜೋರಾಗಿ ಓಡುತ್ತದೆ. (ಈ ಸಾಲನ್ನು ಅವರಿಗೆ ಓದಿ ಹೇಳಬೇಡ.) ನಿಮ್ಮಪ್ಪ ಮಾತ್ರ... ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಕಾಗದವನ್ನು ಕೂತು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಒಂದು ಸಾಲು ಬರೆಯುವುದು, ಎದ್ದು ಹೋಗಿ ಬಾವಿಯೊಳಗೆ ಇಣುಕುವುದು, ಆಕಾಶ ನೋಡುವುದು, ಮತ್ತೆ ಬಂದು ಕೂರುವುದು. ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಆಗಿದೆ ನನ್ನ ಸ್ಥಿತಿ. ಬೆಳಗಿನಿಂದ ಮೋಡ ಬರುತ್ತದೆ, ಹೋಗುತ್ತದೆ, ಸಾಲಗಾರನ ಹಾಗೆ ಮುಖ ತೋರಿಸಿ ಜಾರಿಕೊಳ್ಳುತ್ತದೆ. ನಮ್ಮ ಬೀದಿಯ ಪ್ರಿಂಟಿಂಗ್ ಪ್ರೆಸ್ಸಿನವನ ವ್ಯಾನು ಸಂಜೆಯೊಳಗೆ ನೀನಿರುವ ಊರಿಗೆ ಪುಸ್ತಕದ ಕಟ್ಟು ಹೊತ್ತುಕೊಂಡು ಹೊರಡುತ್ತದೆ. ಡ್ರೈವರ್ ಊಟಕ್ಕೆ ಹೋಗಿದ್ದಾನೆ. ಅವನಿಗೆ ಮುಂದಿನ ಹಲ್ಲಿಲ್ಲ, ನಿಧಾನಕ್ಕೆ ಉಣ್ಣುತ್ತಾನೆ, ಅದೇ ನನ್ನ ಪುಣ್ಯ. ಅವನು ಬರುವುದರೊಳಗೆ ಇದು ಮುಗಿಯಬೇಕು. ಅಂಚೆಗೆ ಹಾಕಿದರೆ ತಡವಾಗುತ್ತದೆ. ಯಾಕೆ ತಡ, ಯಾವುದಕ್ಕೆ ತಡ ಎಂಬುದನ್ನು ಈಗಲೇ ಕೇಳಬೇಡ.

ಬಾವಿಯ ಸುದ್ದಿ ಎತ್ತಬಾರದು ಎಂದು ನೀನು ನನ್ನಿಂದ ಮಾತು ತೆಗೆದುಕೊಂಡು ಹೋದೆ. ಫೋನಿನಲ್ಲಿ ನಾನು 'ಬಾ' ಎನ್ನುವಷ್ಟರಲ್ಲೇ ಇಟ್ಟುಬಿಡುತ್ತೀಯ. ನಾನು ಮಾತಿಗೆ ತಪ್ಪುವವನಲ್ಲ, ಇಡೀ ಬೀದಿಯನ್ನು ಬೇಕಾದರೆ ಕೇಳು. ಆದರೆ ಮಾತು ಕೊಟ್ಟದ್ದು ನನ್ನ ಬಾಯಿ, ಬರೆಯುತ್ತಿರುವುದು ಕೈ. ಕೈ ಯಾರಿಗೂ ಮಾತು ಕೊಟ್ಟಿಲ್ಲ. ಹರಿದು ಹಾಕಬೇಡ, ಕೊನೆಯವರೆಗೆ ಓದು. ನಮ್ಮ ಊರಿನ ಶಾಲೆಯಲ್ಲಿ ಏಳನೇ ತರಗತಿಯನ್ನು ಒಂದೇ ಸಲಕ್ಕೆ ಬಿಟ್ಟು ಬರಲಾಗದೆ ಇನ್ನೊಂದು ವರ್ಷ ಪ್ರೀತಿಯಿಂದ ಉಳಿದುಕೊಂಡವನು ನಾನು. ಅಷ್ಟು ಓದಿದವನು ಇಷ್ಟುದ್ದ ಬರೆಯುತ್ತಿದ್ದಾನೆ ಎಂದರೆ ವಿಷಯ ಇದೆ ಅಂತಲೇ ಅರ್ಥ.

ಇಲ್ಲಿನ ಸುದ್ದಿ ಏನೆಂದರೆ, ನಿನ್ನ ಮೂರು ಇಂಗುಬಾವಿಗಳಿಗೆ ಕಾಂಕ್ರೀಟು ಸುರಿದು ಮುಚ್ಚಿಬಿಡಿ ಎಂದು ಆಫೀಸಿನಿಂದ ಹುಕುಂ ಬಂದಿದೆ. ಸಿಮೆಂಟಿನ ಚೀಲಗಳು ಬಂದು ಪಂಪ್‌ಶೆಡ್ಡಿನ ಹೊರಗೋಡೆಗೆ ಒರಗಿ ಕೂತವು. ಕೂತ ರೀತಿ ನೋಡಿದರೆ ಹೆಣದ ಮನೆಗೆ ಮೊದಲೇ ಬಂದ ನೆಂಟರ ಹಾಗೆ. ಆದರೆ ನಿನ್ನ ಜಾಗಕ್ಕೆ ಹೊಸದಾಗಿ ಬಂದಿರುವ ಎಂಜಿನಿಯರಮ್ಮ ಇದ್ದಾರಲ್ಲ, ಅವರು ಹುಕುಮಿನ ಕೆಳಗೆ ತಮ್ಮದೊಂದು ಸಾಲು ಸೇರಿಸಿ ಒಪ್ಪಿಸಿಕೊಂಡು ಬಂದರು: ಮಳೆ ಬಂದು ಹೊಂಡ ತುಂಬುವುದರೊಳಗೆ ಮೂರೂ ಬಾವಿ ನೀರು ಕುಡಿದರೆ ಉಳಿಯಲಿ, ಒಂದು ಕುಡಿಯದಿದ್ದರೂ ಮೂರನ್ನೂ ಮುಚ್ಚಲಿ. ಎತ್ತರದ ಹೆಂಗಸು, ಮಾತು ಕಡಿಮೆ, ನಗುವುದು ಇನ್ನೂ ಕಡಿಮೆ. ಬಾವಿ ಕೆದಕಲು ಕಂಪ್ರೆಸರ್ ಬೇಕಿತ್ತು. ಈ ಊರಿನಲ್ಲಿ ಕಂಪ್ರೆಸರ್ ಎಂದರೆ ಯಾರು? ನನ್ನನ್ನೇ ಕರೆಸಿದರು. ಇನ್ನೊಬ್ಬನ ಮೆಷಿನ್ನು ರಿಪೇರಿಗೆ ಹೋಗಿತ್ತು ಎಂದು ಯಾರಾದರೂ ನಿನಗೆ ಹೇಳಿದರೆ ಅದು ಹೊಟ್ಟೆಕಿಚ್ಚಿನ ಮಾತು.

ನೀನು ಬಾವಿ ತೋಡಿಸುವ ಮೊದಲು ಅಡುಗೆಮನೆಯಲ್ಲಿ ನಮಗೆಲ್ಲ ಪಾಠ ಮಾಡಿದ್ದೆ, ನೆನಪಿದೆಯೇ? ಗಾಜಿನ ಲೋಟಕ್ಕೆ ಮರಳು ತುಂಬಿ, ನಡುವೆ ಒಂದು ಕೊಳವೆ ಸಿಕ್ಕಿಸಿ, "ಎಲ್ಲರ ಬಾವಿ ನೀರು ಕೊಡತ್ತೆ, ನನ್ನ ಬಾವಿ ನೀರು ಕುಡಿಯತ್ತೆ" ಎಂದೆ. ಬೀದಿಯ ಮಳೆನೀರು ಹೊಂಡಕ್ಕೆ ಬಂದು, ಕೆಸರು ತಳಕ್ಕೆ ಕೂತು, ಮರಳಿನ ಹಾಸಿನಲ್ಲಿ ಸೋಸಿ, ಈ ಬಾವಿಗಳ ಪೈಪಿನಲ್ಲಿ ನೆಲದೊಳಕ್ಕೆ ಹೋಗಬೇಕು. ಬೇಸಿಗೆಯಲ್ಲಿ ಬೀದಿಯ ಬೋರ್‌ವೆಲ್ಲುಗಳು ಅದನ್ನೇ ಮೇಲೆತ್ತಬೇಕು. ಪೈಪು ಯಾಕೆ ಒಳಗಿನ ನೀರಿನಲ್ಲಿ ಮುಳುಗುವಷ್ಟು ಉದ್ದ ಇರಬೇಕು ಎಂದು ನಾನು ಕೇಳಿದ್ದಕ್ಕೆ, "ನೀರನ್ನ ಇಳಿಸ್ಬೇಕು ಚಿಕ್ಕಪ್ಪಾ, ಬೀಳಿಸ್ಬಾರ್ದು" ಎಂದೆ. ನನಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದೆ. ನಿಮ್ಮಮ್ಮ, ಲೋಟ ತೊಳೆಯೋದು ಯಾರು ಎಂದರು. ನಿಮ್ಮಪ್ಪ ಪಾಠವನ್ನೇ ಕೇಳಲಿಲ್ಲ. ಅವನು ಲೋಟ ಹಿಡಿದಿದ್ದ ನಿನ್ನ ಕೈಯನ್ನು ನೋಡುತ್ತಾ ಕೂತಿದ್ದ.

ಆಮೇಲಿನದು ನಿನಗೇ ಗೊತ್ತು. ಮೊದಲ ಮಳೆಗಾಲ ಬಾವಿಗಳು ಗಟಗಟ ಕುಡಿದವು, ಬೀದಿಯ ಬೋರ್‌ವೆಲ್ಲುಗಳಿಗೆ ಜೀವ ಬಂತು. ಎರಡನೆಯ ಮಳೆಗಾಲ ಏದುಸಿರು. ಮೂರನೆಯದರಲ್ಲಿ ಬಾಯಿ ಬಿಗಿದುಕೊಂಡವು. ಹೊಂಡ ಉಕ್ಕಿ ಬೀದಿಗೆ ಬಂದು ಪ್ರೆಸ್ಸಿನವನ ನೆಲಮಾಳಿಗೆಗೆ ನುಗ್ಗಿತು. ಬಾವಿಗೆ ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುತ್ತಾರೆ. ಬಾವಿ ಕಟ್ಟಿದವಳಿಗೆ ಅದೂ ಸಾಲಲಿಲ್ಲ. ಬೀದಿಯವರು ಕರೆದ ಸಭೆಗೆ ಪ್ರೆಸ್ಸಿನವನು ನೆಂದು ಉಬ್ಬಿದ ಕಾಗದದ ಕಟ್ಟನ್ನೇ ಹೊತ್ತು ತಂದು ನಿನ್ನ ಮುಂದೆ ದೊಪ್ಪನೆ ಹಾಕಿದ. ನೀನು ಮಾತಿಗೆ ಮಾತು ಕೊಡುತ್ತೀಯ ಅಂತ ನಾನು ಕಾಯುತ್ತಿದ್ದೆ. ಚುಚ್ಚುವುದರಲ್ಲಿ ನಿನ್ನನ್ನು ಮೀರಿಸಿದವರಿಲ್ಲ, ಗುಂಡುಸೂಜಿ ಅಂತ ಹೆಸರಿಟ್ಟವನೇ ನಾನು. ನೀನು ಮಾತ್ರ, "ನನ್ನ ಲೆಕ್ಕ ತಪ್ಪಿರಬಹುದು" ಎಂದೆ. ಅಷ್ಟೇ. ಈಗ ಇಲ್ಲಿಯ ಕೆಲಸ ಬಿಟ್ಟು ಪರವೂರಿನಲ್ಲಿ ಕೂತು ನೀರಿನ ಬಾಟಲಿಗಳ ಮುಚ್ಚಳ ಪರೀಕ್ಷೆ ಮಾಡುತ್ತಿದ್ದೀಯ. ಮುಚ್ಚಳದ ಕೆಲಸವನ್ನು ನಾನು ಹೀಗಳೆಯುವುದಿಲ್ಲ. ಆದರೆ ನೆಲಕ್ಕೆ ನೀರು ಕುಡಿಸಿದ ಕೈ ಅದು.

ಇರಲಿ, ನನ್ನ ಪರಾಕ್ರಮಕ್ಕೆ ಬರುತ್ತೇನೆ. ಕೆಲಸ ಶುರುವಾದ ದಿನ ಗೇಟಿನ ಪಕ್ಕದ ಮೊದಲನೇ ಬಾವಿಯ ಮುಂದೆ ನಿಂತು, ಎಲ್ಲರ ಎದುರಿಗೆ ಮೀಸೆ ತಿರುವಿ ಹೇಳಿದೆ: "ಎರಡೇ ಊದಿಗೆ ಇದರ ಬಾಯಿ ಬಿಡಿಸ್ತೀನಿ. ಆಗ್ಲಿಲ್ಲ ಅಂದ್ರೆ ಈ ಮೀಸೆ ನಂದಲ್ಲ." ಎಂಜಿನಿಯರಮ್ಮ ಫೋನಿನಲ್ಲಿ ಆಫೀಸಿನವರ ಜೊತೆ ಮಾತಾಡುತ್ತಾ ಆಚೆ ಹೋಗಿದ್ದರು. ಬರುವವರೆಗೆ ಕಾಯಿರಿ ಎಂದು ಹೇಳಿದ್ದರು, ನಿಜ. ಆದರೆ ಕಾಯುವುದು ನನ್ನ ಜಾತಕದಲ್ಲೇ ಇಲ್ಲ. ಕಂಪ್ರೆಸರಿನ ಕಿವಿ ಹಿಂಡಿ ಪೂರ್ತಿ ಗಾಳಿ ಬಿಟ್ಟೆ ನೋಡು! ಭೂಮಿ ಗುಡುಗಿತು. ಕಪ್ಪು ಕೆಸರು ತೆಂಗಿನಮರದೆತ್ತರಕ್ಕೆ ಹಾರಿ ಒಂದು ಕ್ಷಣ ಮೇಲೆಯೇ ಯೋಚನೆ ಮಾಡುತ್ತಾ ನಿಂತಿತು. ಆಮೇಲೆ ಬಿತ್ತು. ಎಂಜಿನಿಯರಮ್ಮನ ಮೇಲೆ, ಪ್ರೆಸ್ಸಿನವನ ಬಿಳಿ ಸ್ಕೂಟರಿನ ಮೇಲೆ, ನಿಮ್ಮಮ್ಮ ಒಣಗಲು ಹಾಕಿದ್ದ ಗಿರಾಕಿಗಳ ಬಟ್ಟೆಯ ಮೇಲೆ, ಸಿಮೆಂಟಿನ ಚೀಲಗಳ ಮೇಲೆ. ವಾಸನೆಯೋ, ಕೊಳೆತ ಮೊಟ್ಟೆಗೆ ಕಬ್ಬಿಣದ ಒಗ್ಗರಣೆ ಕೊಟ್ಟ ಹಾಗೆ. ಎಂಜಿನಿಯರಮ್ಮ ಕಣ್ಣು ಒರೆಸಿಕೊಂಡು ಕೇಳಿದ್ದು ಇಷ್ಟೇ: "ಇನ್ನೂ ಒಂದು ಊದು ಬಾಕಿ ಇದ್ಯಾ?"

ಮರುದಿನ ಬಾವಿಗೆ ನೀರು ಸುರಿದು ನೋಡಿದರೆ ಕನ್ನಡಿಯ ಹಾಗೆ ನಿಂತಿತ್ತು. ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಅದರಲ್ಲಿ ನನ್ನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು, ಮೀಸೆ ಸಮೇತ. "ಮೀಸೆ ಇರ್ಲಿ ಬಿಡಿ, ಮೊದ್ಲು ಪೈಪ್ ಮೇಲಕ್ಕೆತ್ತಿ" ಎಂದು ಎಂಜಿನಿಯರಮ್ಮ ನನ್ನ ಮಾನ ಉಳಿಸಿದರು. ನಿಮ್ಮಮ್ಮ ಉಳಿಸಲಿಲ್ಲ. ಕೆಸರಾದ ಬಟ್ಟೆಗಳನ್ನೆಲ್ಲ ಮತ್ತೆ ಒಗೆದು, ಕೈ ಒರೆಸಿಕೊಳ್ಳುತ್ತಾ ಬಂದು, ತಮ್ಮ ದೊಡ್ಡ ಕತ್ತರಿಯನ್ನು ನನ್ನ ಮುಂದೆ ಇಟ್ಟು, "ಏನಪ್ಪಾ, ನೀನೇ ತೆಗೀತೀಯೋ, ನಾನೇ ಅಳತೆ ತಗೊಳ್ಲೋ?" ಎಂದರು. ಆದ್ದರಿಂದ ಮಗಳೇ, ಮುಂದೆ ನನ್ನನ್ನು ನೋಡಿದಾಗ ಗಾಬರಿಯಾಗಬೇಡ. ಮೇಲ್ದುಟಿಗೆ ಗಾಳಿ ತಾಗಿ ತಣ್ಣಗಾಗುತ್ತದೆ. ಬಿಟ್ಟರೆ ಮುಖದ ಕಳೆಯೇನೂ ಕಡಿಮೆಯಾಗಿಲ್ಲ.

ಈಗ ಸರಿಯಾಗಿ ಕೇಳು. ಮೂರು ಕಾಲಿನ ಕಂಬ ನಿಲ್ಲಿಸಿ, ರಾಟೆ ಕಟ್ಟಿ, ಮೊದಲನೇ ಬಾವಿಯ ಪೈಪನ್ನು ಮೇಲೆತ್ತಿದೆವು. ಬಂತು, ಬಂತು, ಇನ್ನೂ ಬರಬೇಕು ಎನ್ನುವಷ್ಟರಲ್ಲಿ ಮುಗಿದೇಹೋಯಿತು. ಎಂಜಿನಿಯರಮ್ಮ ಟೇಪು ಹಿಡಿದು ಅಳೆದರು, ನಿನ್ನ ನಕ್ಷೆ ನೋಡಿದರು, ಮತ್ತೆ ಅಳೆದರು. "ಅರ್ಧಕ್ಕರ್ಧ ಇಲ್ಲ. ಯಾರೋ ಕೊಯ್ದಿದ್ದಾರೆ." ನಾನು ಕೊಯ್ದ ತುದಿಯನ್ನು ನೋಡಿದೆ. ತುದಿ ಎಡಕ್ಕೆ ಇಳಿಜಾರು. ಗುಂಡುಸೂಜೀ, ನಮ್ಮ ಮನೆಯ ಅಡುಗೆಮನೆಯ ಗೂಡು ಎಡಕ್ಕೆ ವಾಲಿದೆ, ಡಬ್ಬಗಳೆಲ್ಲ ಒಂದೇ ಮೂಲೆಗೆ ಬಂದು ಕೂರುತ್ತವೆ. ಸ್ನಾನದ ಮನೆಯ ಸ್ಟೂಲು ಎಡಕ್ಕೆ. ನೀನು ಚಿಕ್ಕವಳಿದ್ದಾಗ ಓದಲು ಮಾಡಿಕೊಟ್ಟ ಮೇಜು ಎಡಕ್ಕೆ. ನಿನ್ನ ಪೆನ್ಸಿಲು ಉರುಳುತ್ತಾ ಬೀಳುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಮ್ಮ ಮನೆಯಲ್ಲಿ ನೆಲ ನೆಟ್ಟಗಿದೆ, ಉಳಿದದ್ದೆಲ್ಲ ಡೊಂಕು. ಈ ಭೂಮಿಯ ಮೇಲೆ ಹಾಗೆ ಗರಗಸ ಎಳೆಯುವ ಮನುಷ್ಯ ಒಬ್ಬನೇ. ಕತ್ತೆತ್ತಿ ನೋಡಿದರೆ, ಆ ಮನುಷ್ಯ ಗೇಟಿನ ಹತ್ತಿರ ನಮಗೆ ಬೆನ್ನು ಮಾಡಿ ನಿಂತು, ಆಗಲೇ ಹಾಕಿದ್ದ ಬೀಗವನ್ನು ಮತ್ತೆ ಹಾಕುತ್ತಿದ್ದ. ಅಂಗಳದ ಕಾವಲುಗಾರ, ನನ್ನ ಒಡಹುಟ್ಟಿದ ಅಣ್ಣ, ನಿಮ್ಮಪ್ಪ.

"ಇಲಿ ಇರ್ಬೇಕು ಮೇಡಂ" ಎಂದೆ ನಾನು. ಪ್ಲಾಸ್ಟಿಕ್ ಪೈಪು, ಇಲಿ ಕಡಿಯುವುದುಂಟು. ಅವರು ತುದಿಯ ಮೇಲೆ ಬೆರಳಾಡಿಸಿ, "ಗರಗಸ ಹಿಡ್ಕೊಂಡು ಬಂದಿತ್ತಾ ಇಲಿ?" ಎಂದರು. ಎರಡನೇ ಬಾವಿಯ ಪೈಪೂ ಮೋಟು, ಎಡಕ್ಕೆ ಇಳಿಜಾರು. "ಫ್ಯಾಕ್ಟರಿಯವರ ಮೋಸ" ಎಂದೆ. ಮೂರನೆಯದು ಮೇಲೆ ಬಂದಾಗ ನನ್ನ ಬಾಯಿಯಲ್ಲಿ ಸುಳ್ಳೇ ಉಳಿದಿರಲಿಲ್ಲ. ನನ್ನ ಆಯುಷ್ಯದಲ್ಲಿ ಮೊದಲ ಸಲ ಹಾಗಾಯಿತು, ನಂಬು. ಎಂಜಿನಿಯರಮ್ಮ ಪೈಪನ್ನು ನೆಲಕ್ಕೆ ಮಲಗಿಸಿ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಹೇಳಿದರು: ಪೈಪು ಮುಳುಗಿದ್ದರೆ ನೀರು ಮೆತ್ತಗೆ ಸೇರಿಕೊಳ್ಳುತ್ತದೆ, ಮೋಟಾದರೆ ಮೇಲಿಂದ ಧುಮುಕುತ್ತದೆ, ಧುಮುಕುವ ನೀರು ಗಾಳಿಯನ್ನು ಕಟ್ಟಿಕೊಂಡು ಹೋಗುತ್ತದೆ, ಆ ಗಾಳಿ ಗುಳ್ಳೆಗುಳ್ಳೆಯಾಗಿ ಸುತ್ತಲಿನ ಮರಳಿನ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಲೋಳೆ, ಲೋಳೆಯ ಹಿಂದೆ ಕಿಲುಬು. ನೀರಿಗೆ ದಾರಿಯೇ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಗಾಳಿ ಹೊಕ್ಕೇ ಇದಕ್ಕೆ ಈ ಗತಿ. ನೀವು ಇನ್ನಷ್ಟು ಊದಿದ್ರಿ" ಎಂದರು. ಅದು ಬೇಡವಾಗಿತ್ತು. ಆದರೆ ಅದರ ಬೆನ್ನಿಗೇ ಒಂದು ಮಾತು ಬಂತು, ಅದನ್ನು ಹಾಗೆಯೇ ಬರೆಯುತ್ತಿದ್ದೇನೆ, ಒಂದು ಅಕ್ಷರ ಬಣ್ಣ ಹಚ್ಚಿಲ್ಲ: "ಇದನ್ನ ಕೊಯ್ದೋರು ಯಾರೋ ಗೊತ್ತಿಲ್ಲ. ಕಟ್ಟಿದೋರು ಮಾತ್ರ ಸರಿಯಾಗೇ ಕಟ್ಟಿದ್ದಾರೆ. ಲೆಕ್ಕದಲ್ಲಿ ಒಂದು ಚೂರೂ ತಪ್ಪಿಲ್ಲ."

ಎದ್ದು ಹೋಗಿ ಬಂದೆ. ಮೋಡ ಗಟ್ಟಿಯಾಗುತ್ತಿದೆ. ವ್ಯಾನಿನವನು ಇನ್ನೂ ಅಗಿಯುತ್ತಿದ್ದಾನೆ.

ಕಟ್ಟಿದೋರು ಸರಿಯಾಗೇ ಕಟ್ಟಿದ್ದಾರೆ ಎಂಬ ಮಾತು ಕೇಳಿ ನನಗೆ ಬೀದಿಗೆ ಓಡಿ ಕೂಗಬೇಕೆನಿಸಿತು. ಪ್ರೆಸ್ಸಿನವನ ಕಿವಿಯಲ್ಲಿ ಮೊದಲು. ಆದರೆ ನಿಮ್ಮಪ್ಪ ಆಗಲೇ ಗೇಟಿನಿಂದ ನಡೆದು ಬರುತ್ತಿದ್ದ. ಅವನ ನಡಿಗೆ ನಿನಗೆ ಗೊತ್ತಲ್ಲ, ನೆಲಕ್ಕೆ ನೋವಾಗುತ್ತದೆಯೋ ಎಂಬಂತೆ. ಬಂದವನು ಸೊಂಟದಿಂದ ಬೀಗದಕೈ ಗೊಂಚಲು ಬಿಚ್ಚಿ ಎಂಜಿನಿಯರಮ್ಮನ ಮುಂದೆ, ಆ ಮೋಟು ಪೈಪಿನ ಪಕ್ಕದಲ್ಲಿ ಇಟ್ಟ. "ನಾನೇ" ಎಂದ. ಆಯಮ್ಮ ಗೊಂಚಲನ್ನು ನೋಡಿದರು, ಅವನ ಮುಖ ನೋಡಿದರು, ಕೆಲಸದ ಹಲಗೆಯ ಮೇಲಿದ್ದ ನಿನ್ನ ನಕ್ಷೆಯ ಕೆಳಗಿನ ನಿನ್ನ ಸಹಿ ನೋಡಿದರು. ಅದರಲ್ಲಿ ಅಪ್ಪನ ಹೆಸರೂ ಇತ್ತಲ್ಲ. ಬೈಯುತ್ತಾರೆ, ಆಫೀಸಿಗೆ ಬರೆಯುತ್ತಾರೆ, ಕೆಲಸ ಹೋಗುತ್ತದೆ ಎಂದುಕೊಂಡೆ. ಅವರು ಗೊಂಚಲನ್ನು ಎತ್ತಿ ಅವನ ಕೈಗೇ ಕೊಟ್ಟು, "ಕೀಲಿ ಇಟ್ಕೊಳ್ಳಿ. ಹಗ್ಗ ಹಿಡೀರಿ. ಬಿಡಿಸೋ ಕೆಲ್ಸ ತುಂಬಾ ಇದೆ" ಎಂದರು.

ಯಾಕೆ ಕೊಯ್ದ ಎಂದು ನಾನು ಕೇಳಿದೆ. ಬಿಡುವವನೇ ನಾನು? ಮಧ್ಯಾಹ್ನ ಸಿಮೆಂಟಿನ ಚೀಲದ ಮೇಲೆ ಕೂತು ಬ್ರೆಡ್ಡು ತಿನ್ನುವಾಗ ಹಿಡಿದೆ. ಅವನು ಬ್ರೆಡ್ಡಿನ ಅಂಚು ಕಿತ್ತು ಕಿತ್ತು ಇರುವೆಗಳಿಗೆ ಹಾಕುತ್ತಾ ಹೇಳಿದ: "ಎಲ್ರೂ ನೋಡೋಕೆ ಬರೋರು ಕಣೋ. ದೊಡ್ಡ ದೊಡ್ಡೋರು, ಶಾಲೆ ಮಕ್ಳು, ಪಕ್ಕದ ಬೀದಿಯೋರು. ನಾನೇ ಮುಚ್ಚಳ ತೆಗೆದು ತೋರಿಸ್ತಿದ್ದೆ, ನನ್ ಮಗಳು ಮಾಡಿದ್ದು ಅಂತ. ಬಗ್ಗಿ ನೋಡೋರು. ಕತ್ತಲೆ. ಸದ್ದಿಲ್ಲ, ಏನಿಲ್ಲ. 'ಇಷ್ಟೇನಾ?' ಅನ್ನೋರು, ಹೋಗೋರು. ಒಬ್ಬ ಅಂತೂ, 'ನೀರು ಹೋಗ್ತಾ ಇದೆ ಅಂತ ನಿಮ್ಗೆ ಹೇಗ್ರೀ ಗೊತ್ತು?' ಅಂದ. ಅವಳು ಅಷ್ಟು ಒದ್ದಾಡಿ ಮಾಡಿದ್ದು ಯಾರ ಕಣ್ಣಿಗೂ ಬೀಳ್ಲಿಲ್ಲ. ಕಿವಿಗಾದ್ರೂ ಬೀಳ್ಲಿ ಅಂತ..." ಆ ಮೊದಲ ಮಳೆಗಾಲದಲ್ಲಿ ನೀನು ಸೋಸುವ ಹಾಸಿಗೆಂದು ಇನ್ನಷ್ಟು ಮರಳು ಆರಿಸಲು ಪರವೂರಿಗೆ ಹೋಗಿದ್ದಾಗ, ಗೇಟಿನ ಪಕ್ಕದ ಬಾವಿಯ ಪೈಪನ್ನು ರಾಟೆ ಹಾಕಿ ಎತ್ತಿ ಮೋಟು ಮಾಡಿದನಂತೆ. ಮರುದಿನ ನೀರು ಧೋ ಎಂದು ಬಿದ್ದು ಇಡೀ ಅಂಗಳ ಮೊಳಗಿತು. ನೋಡಲು ಬಂದ ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ರುಚಿ ಕಂಡವನು ಉಳಿದೆರಡನ್ನೂ ಬಿಡುತ್ತಾನೆಯೇ? ನೀನು ವಾಪಸ್ ಬಂದ ಮೇಲೆ, ನೋಡುವವರು ಬಂದಾಗ ಬಿಟ್ಟರೆ ಮುಚ್ಚಳ ಬಿಗಿದೇ ಇರುತ್ತಿತ್ತು, ಆ ಸದ್ದು ನಿನ್ನ ಕಿವಿಗೆ ಬೀಳಲಿಲ್ಲ. ಆ ಸದ್ದು ನನಗೂ ನೆನಪಿದೆ. ಬಾವಿಗಳು ಜೋರಾಗಿ ಕೆಲಸ ಮಾಡುತ್ತಿವೆ ಎಂದು ನಾನೂ ಬೀದಿಯಲ್ಲಿ ಎದೆ ತಟ್ಟಿಕೊಂಡಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವನು ಹೆತ್ತದ್ದು ಹೆಗ್ಗಣವೂ ಅಲ್ಲ, ಚಿನ್ನ. ಆದರೂ ತೂಗಿ ತೋರಿಸದೆ ಇವನಿಗೆ ಸಮಾಧಾನವಾಗಲಿಲ್ಲ. ಪೈಪಿಗೂ ಬಾವಿ ಕಟ್ಟಿಕೊಂಡದ್ದಕ್ಕೂ ಸಂಬಂಧ ಇದೆ ಎಂಬುದು ಅವನಿಗೆ ಆ ದಿನ ಎಂಜಿನಿಯರಮ್ಮ ಬಾಯಿ ಬಿಡುವವರೆಗೂ ಗೊತ್ತಿರಲಿಲ್ಲ, ನನ್ನಾಣೆ. ಗೊತ್ತಿದ್ದರೆ ಆ ಸಭೆಯಲ್ಲಿ ನಿನ್ನನ್ನು ಒಂಟಿಯಾಗಿ ನಿಲ್ಲಿಸುತ್ತಿದ್ದನೇ? ಅವತ್ತು ಅವನು ಹಿಂದಿನ ಬೆಂಚಿನಲ್ಲಿ ಕೂತಿದ್ದ, ನೀನು ಲೆಕ್ಕ ತಪ್ಪಿರಬಹುದು ಎಂದಾಗ ತಲೆ ತಗ್ಗಿಸಿದ. ಮಗಳು ತಪ್ಪಿದಳು ಎಂದುಕೊಂಡೇ ತಗ್ಗಿಸಿದ. ಈಗ ಅದೇ ಅವನನ್ನು ತಿನ್ನುತ್ತಿರುವುದು.

ಅಂದಿನಿಂದ ಅವನು ಹಗ್ಗ ಬಿಟ್ಟಿಲ್ಲ. ಎಂಜಿನಿಯರಮ್ಮ ನನ್ನ ಕಂಪ್ರೆಸರಿಗೆ ಗೋಣಿತಾಟು ಹೊದಿಸಿ ಮಲಗಿಸಿಬಿಟ್ಟರು. ಅದನ್ನು ನೋಡಿದರೆ ನನಗೆ ಅಳು ಬರುತ್ತದೆ. ಬರೀ ಕೈಕೆಲಸ. ರಬ್ಬರಿನ ಬಿಲ್ಲೆ ಕಟ್ಟಿದ ಸಲಾಕೆಯನ್ನು ಬಾವಿಯೊಳಗೆ ಇಳಿಸಿ, ಹಗ್ಗದಿಂದ ಮೇಲೆ ಕೆಳಗೆ, ಮೇಲೆ ಕೆಳಗೆ. ಹಿಂಡಿ ಬಿಡುವುದು, ಹಿಂಡಿ ಬಿಡುವುದು. ಆಮೇಲೆ ಪಂಪಿನಿಂದ ಕೊಳಕನ್ನು ಹೊರಕ್ಕೆಳೆಯುವುದು. ಕುಡಿಯಬೇಕಾದ ಬಾವಿಯಿಂದ ಮೊದಲು ಕಕ್ಕಿಸಬೇಕಂತೆ. ಮೊದಲು ಮಸಿಯಂಥ ನೀರು, ಆಮೇಲೆ ಕಿಲುಬಿನ ಬಣ್ಣ, ಆಮೇಲೆ ಹಾಲಿನ ಹಾಗೆ ಬೆಳ್ಳಗೆ. ಅದು ಹಾಲಲ್ಲ, ಸಿಕ್ಕಿಕೊಂಡಿದ್ದ ಗಾಳಿ ಗುಳ್ಳೆಗಳಾಗಿ ಹೊರಬರುವುದು. ಒಂದು ಲೋಟದಲ್ಲಿ ಹಿಡಿದು ನಿಲ್ಲಿಸಿದರೆ ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬರುತ್ತದೆ. ನಿಮ್ಮಪ್ಪ ಆ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾ ನಿಂತುಬಿಡುತ್ತಾನೆ. "ಸ್ವಲ್ಪ ಜೋರಾಗಿ ಎಳೆಯೋಣ ಮೇಡಂ" ಎಂದು ನಾನು, "ನಿಧಾನ" ಎಂದು ಅವರು. ನಿಧಾನ ಎಂಬ ಪದವನ್ನು ಕೇಳಿ ಕೇಳಿ ನನ್ನ ಕಿವಿಯಲ್ಲಿ ಲೋಳೆ ಕಟ್ಟಿದೆ. ಹೊಸ ಪೈಪು ಜೋಡಿಸುವಾಗ ತುದಿ ನೆಟ್ಟಗೆ ಮಾಡಬೇಕಿತ್ತು. ನಿಮ್ಮಪ್ಪ ಅಭ್ಯಾಸಬಲದಿಂದ ಗರಗಸಕ್ಕೆ ಕೈ ಹಾಕಿದ. ನಾವಿಬ್ಬರೂ ಒಟ್ಟಿಗೇ ಕಿರುಚಿದೆವು. ಅಷ್ಟು ದಿನದಲ್ಲಿ ಎಂಜಿನಿಯರಮ್ಮ ನಕ್ಕದ್ದು ಆಗ ಒಂದು ಸಲ. ಅವನೂ ನಕ್ಕ, ಅರ್ಧ.

ಮೊದಲನೇ ಬಾವಿ ಕುಡಿಯಿತು. ನೀರು ಬಿಟ್ಟರೆ ಸದ್ದೇ ಇಲ್ಲ, ಆದರೆ ಇಳಿಬಿಟ್ಟ ಅಳತೆದಾರದ ಗುರುತುಗಳು ನೀರು ಇಳಿದ ಹಾಗೆ ಒಂದೊಂದಾಗಿ ಕಾಣಿಸಿಕೊಳ್ಳುತ್ತಾ ಹೋದವು. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮ್ಮ ಮೇಷ್ಟರು ನನ್ನನ್ನು ನೋಡಿದಾಗಲೆಲ್ಲ ಯಾಕೆ ಹೇಳುತ್ತಿದ್ದರು ಎಂದು ಆಗ ಹೊಳೆಯಿತು. ಎರಡನೆಯದೂ ಕುಡಿಯಿತು. ಮೂರನೆಯದು ಹಠ ಹಿಡಿದಿದೆ. ಅದು ನಿನ್ನ ಮುದ್ದಿನದು, ಆಳ ಹೆಚ್ಚು, ಮರಳು ನುಣುಪು. ಒಂದು ಗುಟುಕು ಕುಡಿಯುತ್ತದೆ, ನಿಲ್ಲುತ್ತದೆ. ಹೊಂಡ ತುಂಬಿಸುವ ಮಳೆ ತಲೆಯ ಮೇಲೇ ಕೂತಿದೆ. ಇವತ್ತು ಬೆಳಿಗ್ಗೆ ಎಂಜಿನಿಯರಮ್ಮ ನಿನ್ನ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೊಂದನ್ನ ಕಟ್ಟಿದೋರ ಹತ್ರಾನೇ ಕೇಳ್ಬೇಕು" ಎಂದರು. ನಿಮ್ಮಪ್ಪ ಹಗ್ಗ ಹಿಡಿದುಕೊಂಡೇ ನಿಂತಿದ್ದ, ಕೇಳಿಸಿಕೊಂಡ. ಅಂದಹಾಗೆ, ಮುಚ್ಚಿಸುವವರು ನಾಳೆಯೇ ಬಂದರೂ ಭಯವಿಲ್ಲ: ಅವತ್ತು ನಾನು ಹಾರಿಸಿದ ಕೆಸರುನೀರು ಕುಡಿದು ಸಿಮೆಂಟಿನ ಚೀಲಗಳೆಲ್ಲ ಗಟ್ಟಿ ಕಲ್ಲಾಗಿವೆ. ಈಗ ಅವು ನಮ್ಮ ಕುರ್ಚಿ. ಇದೆಲ್ಲ ನನ್ನ ದೂರದೃಷ್ಟಿ ಎಂದರೆ ಯಾರೂ ಒಪ್ಪುತ್ತಿಲ್ಲ. ನೀನಾದರೂ ಒಪ್ಪು.

ಹಾರ್ನು ಕೇಳಿಸಿತು. ಹಲ್ಲಿಲ್ಲದವನ ಊಟ ಮುಗಿಯಿತು. ಹೊತ್ತುಹೊತ್ತಿಗೆ ಊಟ ಮಾಡು, ಮೈ ಬೆಚ್ಚಗಿರಲಿ. ಮನೆಯೊಡತಿಗೆ ನನ್ನ ನಮಸ್ಕಾರ ತಿಳಿಸು, ಅವರ ನಾಯಿಗೂ. ನೂರು ಕಾಲ ಬಾಳು ಮಗಳೇ, ಚುಚ್ಚುವುದನ್ನು ಮರೆಯಬೇಡ.

ಇಂತಿ,
ಮೀಸೆ ಕಳೆದುಕೊಂಡರೂ ಕಳೆ ಕಳೆದುಕೊಳ್ಳದ
ನಿನ್ನ ಚಿಕ್ಕಪ್ಪ

ಮರೆತ ಮಾತು: ಮರೆತಿಲ್ಲ, ಇದನ್ನು ಹೇಳಲಿಕ್ಕೇ ಅಷ್ಟೆಲ್ಲ ಬರೆದೆ. ಗಾಡಿ ಬಾನೆಟ್ಟಿನ ಮೇಲಿಟ್ಟು ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಎಡಕ್ಕೆ ವಾಲಿಸಿ ಓದಿಕೋ. ನಿಮ್ಮಪ್ಪ ನಾಳೆ ಬೆಳಗಿನ ಬಸ್ಸಿಗೆ ನಿನ್ನ ಹತ್ತಿರ ಬರುತ್ತಿದ್ದಾನೆ. ಯಾರಿಗೂ ಹೇಳಿಲ್ಲ, ಕೊಯ್ದ ಆ ಮೂರು ತುದಿಗಳನ್ನು ತುಂಡು ಮಾಡಿಸಿ ಬಟ್ಟೆಚೀಲದಲ್ಲಿ ಬಸ್ಸಿನ ಟಿಕೆಟ್ಟಿನ ಜೊತೆ ಹಾಕಿಟ್ಟುಕೊಂಡದ್ದನ್ನು ನಾನು ನೋಡಿದೆ. ಬೆಳಿಗ್ಗೆ ಕ್ಷೌರದ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದ. "ಮಗಳೇ" ಎನ್ನುತ್ತಾನೆ, ಮುಂದಕ್ಕೆ ಬರುವುದಿಲ್ಲ, ಮತ್ತೆ ಸೋಪು ಹಚ್ಚಿಕೊಳ್ಳುತ್ತಾನೆ. ನಿನಗೆ ಮೊದಲೇ ಗೊತ್ತು ಎಂದು ಗೊತ್ತಾದರೆ ಅವನು ಬಾಗಿಲಿನಿಂದಲೇ ವಾಪಸ್ ಹೊರಟುಬಿಡುತ್ತಾನೆ. ಆದ್ದರಿಂದ ಏನೂ ಗೊತ್ತಿಲ್ಲದವಳ ಹಾಗೆ ಇರು. ನಿನಗೆ ನಟನೆ ಬರುವುದಿಲ್ಲ, ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೋ. "ಮಗಳೇ" ಎಂದು ನಿಂತಾಗ ನೀನು ಬಾಯಿ ಹಾಕಬೇಡ. ಎಷ್ಟು ಹೊತ್ತಾದರೂ ಆಗಲಿ, ಮಾತು ತಾನಾಗಿ ಇಳಿಯಲಿ. ಮರುದಿನದ ಬಸ್ಸಿಗೆ ಅವನ ಜೊತೆ ಹೊರಟು ಬಾ. ಬಾ ಎಂದು ಕೇಳುವ ಧೈರ್ಯ ಅವನಿಗಿಲ್ಲ, ಮೂರನೇ ಬಾವಿ ಕಾಯುತ್ತಿದೆ. ಮುಚ್ಚಳದವರಿಗೆ ಏನಾದರೂ ಸುಳ್ಳು ಹೇಳು, ನನ್ನ ಹೆಸರು ಹಾಕಿದರೂ ನಡೆಯುತ್ತದೆ. ಇನ್ನೊಂದು, ಅವನಿಗೆ ಕಾಫಿ ಕೊಡುವಾಗ ಆರಿಸಿ ಕೊಡು. ಹಗ್ಗ ಎಳೆದು ಎಳೆದು ಎರಡೂ ಅಂಗೈ ಬೊಬ್ಬೆ ಎದ್ದಿವೆ, ಬಿಸಿ ಲೋಟ ಹಿಡಿಯಲಾರ, ಆದರೆ ನೀನು ಕೊಟ್ಟರೆ ಹಿಡಿದೇ ಹಿಡಿಯುತ್ತಾನೆ.